ಬಾಯಿಲ್ಲದವರ ಬಾಯಿ

ಬಾಯಿದ್ದವನು ಬರಗಾಲದಲ್ಲಿಯೂ ಬದುಕುತ್ತಾನೆಂಬುದು ನಮ್ಮ ಹಿರಿಯರ ಮಾತು. ಹಾಗಾದರೆ ಬಾಯಿಲ್ಲದವನ ಪಾಡೇನು? ತನ್ನ ನೋವನ್ನು ತಾನು ಹೇಳಿಕೊಳ್ಳಲಾರದೆ, ತನ್ನ ಹಲ್ಲನ್ನು ತಾನು ಉಜ್ಜಿಕೊಳ್ಳಲಾರದೆ, ಕೊಟ್ಟುದನ್ನು ತಿಂದು ಮಲಗಿಸಿದ ಕಡೆ ಮಲಗಿರುವ ರೋಗಿಯ ಬಾಯಿಯನ್ನು ನೋಡಿಕೊಳ್ಳುವವರು ಯಾರು? ಮೇಲುನೋಟಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ‘ಸಕ್ಕರೆಯಿಲ್ಲದ್ದು’ ಎಂಬ ಚೀಟಿ ಹೊತ್ತು ಇಂದು ಅಂಗಡಿಗಳಲ್ಲಿ ಮಾರಾಟವಾಗುತ್ತಿರುವ ಚ್ಯೂಯಿಂಗ್ ಗಮ್ಮಿನ ಕಥೆಯೂ, ದಾದಿಯರ ಶಿಕ್ಷಣದಲ್ಲಿ ಈಚಿನ ದಶಕಗಳಲ್ಲಿ ಮುಖ್ಯ ಸ್ಥಾನ ಪಡೆದಿರುವ ‘ರೋಗಿಯ ಸುರಕ್ಷತೆ’ ಎಂಬ ಪಾಠವೂ ಈ ಒಂದೇ ಪ್ರಶ್ನೆಯಲ್ಲಿ ಬಂದು ಸಂಧಿಸುತ್ತವೆಯೆಂದರೆ ವಾಚಕರಿಗೆ ಆಶ್ಚರ್ಯವಾದೀತು.

ಹಲ್ಲು ಹುಳುಕುವ ಬಗೆ

ಹಲ್ಲನ್ನು ಹುಳು ತಿನ್ನುತ್ತದೆಯೆಂದು ಬಹುಕಾಲ ಅನೇಕ ನಾಡುಗಳ ಜನ ನಂಬಿದ್ದರು. ‘ಹುಳುಕು’ ಎಂಬ ನಮ್ಮ ಮಾತಿನಲ್ಲಿಯೇ ಆ ನಂಬಿಕೆಯ ನೆನಪು ಇನ್ನೂ ಉಳಿದಿದೆ. ಬರ್ಲಿನ್ನಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಅಮೆರಿಕದ ದಂತವೈದ್ಯ ವಿಲ್ಲೋಬಿ ಮಿಲ್ಲರ್ ೧೮೯೦ರ ಸುಮಾರಿಗೆ ನಿಜಸ್ಥಿತಿಯನ್ನು ವಿವರಿಸಿದನು. ಬಾಯಲ್ಲಿ ಸದಾ ನೆಲೆಸಿರುವ ಸೂಕ್ಷ್ಮಜೀವಿಗಳು ನಾವು ತಿಂದ ಸಿಹಿಯನ್ನೂ ಹಿಟ್ಟಿನ ಪದಾರ್ಥವನ್ನೂ ಹುಳಿಯಿಸಿ ಆಮ್ಲವನ್ನು ಹುಟ್ಟಿಸುತ್ತವೆ. ಆ ಆಮ್ಲ ಹಲ್ಲಿನ ಹೊರಕವಚವನ್ನು ಕರಗಿಸುತ್ತದೆ. ೧೯೪೦ರ ದಶಕದಲ್ಲಿ ರಾಬರ್ಟ್ ಸ್ಟೀಫನ್ ಎಂಬ ವಿಜ್ಞಾನಿ ಇನ್ನೊಂದು ಹೆಜ್ಜೆ ಮುಂದೆ ಹೋದನು. ಸಕ್ಕರೆಯ ನೀರಿನಿಂದ ಬಾಯಿ ಮುಕ್ಕಳಿಸಿದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲೆ ಆಮ್ಲ ಏರುತ್ತದೆಂದೂ, ಅದು ಇಳಿದು ಮೊದಲಿನ ಸ್ಥಿತಿಗೆ ಬರಲು ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆಂದೂ ಅಳೆದು ತೋರಿಸಿದನು.

ಏರಿದ ಆಮ್ಲವನ್ನು ಇಳಿಸುವುದು ಯಾವುದು? ಬೇರೆ ಯಾವ ಔಷಧವೂ ಅಲ್ಲ, ನಮ್ಮ ಬಾಯಿಯ ಜೊಲ್ಲು! ಅದು ಆಮ್ಲವನ್ನು ತೊಳೆಯುತ್ತದೆ, ಅದರ ತೀಕ್ಷ್ಣತೆಯನ್ನು ಮುರಿಯುತ್ತದೆ. ಅಷ್ಟೇ ಅಲ್ಲ, ಹಲ್ಲು ಕಳೆದುಕೊಂಡ ಸುಣ್ಣದ ಅಂಶವನ್ನು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ತುಂಬಿಕೊಡುತ್ತದೆ. ಪ್ರತಿ ದಿನವೂ ನಮ್ಮ ಬಾಯಲ್ಲಿ ಈ ನಷ್ಟ ಮತ್ತು ಭರ್ತಿಯ ವ್ಯವಹಾರ ನಡೆದೇ ಇದೆ. ಭರ್ತಿಗೆ ಸಾಕಷ್ಟು ಬಿಡುವು ದೊರೆತರೆ ಹಲ್ಲು ಉಳಿಯುತ್ತದೆ. ದೊರೆಯದಿದ್ದರೆ ತೂತು ಬೀಳುತ್ತದೆ. ಆದುದರಿಂದ ಎಷ್ಟು ಸಕ್ಕರೆ ತಿಂದೆವೆಂಬುದಕ್ಕಿಂತ ಎಷ್ಟು ಬಾರಿ ತಿಂದೆವೆಂಬುದೇ ಹೆಚ್ಚು ಮುಖ್ಯ. ಇಂದು ದಂತವೈದ್ಯರೆಲ್ಲರೂ ಹೇಳುವ ಈ ಮಾತಿಗೆ ಮನುಷ್ಯರ ಮೇಲೆ ನಡೆದ ಪ್ರಯೋಗದ ಪುರಾವೆ ದೊರೆತುದು ಹೇಗೆಂಬುದು ಮಾತ್ರ ಸಂತೋಷದ ಕಥೆಯಲ್ಲ.

ವಿಪೆಹೋಲ್ಮಿನ ಮಿಠಾಯಿ

ಸ್ವೀಡನ್ ದೇಶದ ಲುಂಡ್ ನಗರದಲ್ಲಿ ವಿಪೆಹೋಲ್ಮ್ ಎಂಬ ಆಸ್ಪತ್ರೆಯಿತ್ತು. ಬುದ್ಧಿ ಬೆಳವಣಿಗೆ ಕುಂಠಿತವಾದ, ಕಲಿಸಿದರೂ ಕಲಿಯಲಾರರೆಂದು ಆ ಕಾಲದವರು ಕೈಬಿಟ್ಟಿದ್ದ ಜನರನ್ನು ಅಲ್ಲಿ ಇರಿಸಿದ್ದರು. ಆಗ ಸ್ವೀಡನ್ನಿನ ಜನರ ಹಲ್ಲಿನ ಸ್ಥಿತಿ ಬಲು ಕೆಟ್ಟಿತ್ತು. ೧೯೩೮ರಲ್ಲಿ ಸರ್ಕಾರ ಸಾರ್ವಜನಿಕ ದಂತಚಿಕಿತ್ಸೆಯ ವ್ಯವಸ್ಥೆಯನ್ನು ಕೈಗೊಂಡಿತ್ತು. ಆದರೆ ರೋಗದ ಮೂಲ ತಿಳಿಯದೆ ತೂತು ಮುಚ್ಚುತ್ತ ಹೋದರೆ ಕೊನೆಯೆಲ್ಲಿ? ಸರ್ಕಾರದ ವೈದ್ಯಕೀಯ ಮಂಡಲಿಯ ಒಪ್ಪಿಗೆಯೊಡನೆ ೧೯೪೫ರಲ್ಲಿ ವಿಪೆಹೋಲ್ಮಿನಲ್ಲಿ ಸಂಶೋಧನೆ ಆರಂಭವಾಯಿತು. ಅದಕ್ಕೆ ಮಿಠಾಯಿ ಉದ್ಯಮದ ನೆರವೂ ಇತ್ತು. ೧೯೪೭ರಿಂದ ಎರಡು ವರ್ಷಗಳ ಕಾಲ ರೋಗಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ಊಟದ ಜೊತೆಯಲ್ಲಿ ಸಕ್ಕರೆ, ಕೆಲವರಿಗೆ ಸಿಹಿ ರೊಟ್ಟಿ, ಕೆಲವರಿಗೆ ಚಾಕೊಲೇಟ್, ಇನ್ನು ಕೆಲವರಿಗೆ ಹಲ್ಲಿಗೆ ಅಂಟಿಕೊಳ್ಳುವ ಟಾಫಿ ಎಂದು ಕ್ರಮವಾಗಿ ತಿನ್ನಿಸಲಾಯಿತು. ಒಂದು ಗುಂಪಿನವರಿಗೆ ದಿನಕ್ಕೆ ೨೪ ಟಾಫಿಗಳು! ಒಟ್ಟು ೪೩೬ ಮಂದಿ ರೋಗಿಗಳು ಈ ಅಧ್ಯಯನಕ್ಕೆ ಒಳಗಾದರು.

ಫಲಿತಾಂಶಗಳು ೧೯೫೪ರಲ್ಲಿ ಪ್ರಕಟವಾದುವು. ಊಟದ ಜೊತೆಯಲ್ಲಿಯೇ ಸಕ್ಕರೆ ತಿಂದವರಿಗೆ, ಅದು ಹೆಚ್ಚಾಗಿದ್ದರೂ, ಹೊಸ ಹುಳುಕು ಅಷ್ಟಾಗಿ ಬರಲಿಲ್ಲ. ಊಟಗಳ ನಡುವೆ ಅಂಟುವ ಟಾಫಿಯನ್ನು ಮತ್ತೆ ಮತ್ತೆ ಜಗಿದವರ ಹಲ್ಲುಗಳು ಮಾತ್ರ ಹಾಳಾಗಿಹೋದುವು. ಟಾಫಿ ನಿಲ್ಲಿಸಿದ ಮೇಲೆ ಹುಳುಕಿನ ವೇಗ ತಗ್ಗಿತು. ಆದರೆ ಹೋದ ಹಲ್ಲು ಹೋದಂತೆಯೇ. ಸ್ವೀಡನ್ನಿನ ಮಕ್ಕಳಿಗೆ ಇದರಿಂದ ದೊಡ್ಡ ಲಾಭವಾಯಿತು. ವಾರಕ್ಕೊಮ್ಮೆ, ಶನಿವಾರದಂದು ಮಾತ್ರ ಮಿಠಾಯಿ ತಿನ್ನುವ ಪದ್ಧತಿ ಮನೆಮನೆಯಲ್ಲಿ ಬೇರೂರಿ ಇಂದಿಗೂ ಉಳಿದುಬಂದಿದೆ.

ಟಾಫಿ ತಿಂದವರನ್ನು ಯಾರಾದರೂ ಕೇಳಿದರೆ? ಕೇಳಲಿಲ್ಲ. ಕೇಳಿದ್ದರೂ ಅವರಲ್ಲಿ ಅನೇಕರು ಉತ್ತರ ಹೇಳಬಲ್ಲವರಾಗಿರಲಿಲ್ಲ. ಹಲ್ಲುನೋವೆಂದರೆ ಎಂಥ ಯಾತನೆಯೆಂಬುದನ್ನು ಒಮ್ಮೆ ಅನುಭವಿಸಿದವರಿಗೆ ಬೇರೆ ಹೇಳಬೇಕೆ? ಆ ಯಾತನೆಯನ್ನು ಮಾತಿನಲ್ಲಿ ಹೇಳಲಾರದವನ ಸ್ಥಿತಿಯನ್ನು ಊಹಿಸಿಕೊಳ್ಳಿ. ಸಂಶೋಧಕರು ದುಷ್ಟರೇನೂ ಆಗಿರಲಿಲ್ಲ. ದೇಶದ ಒಳಿತೇ ಅವರ ಕಣ್ಣಮುಂದಿತ್ತು. ಆದರೆ ಬಹುಜನರ ಹಿತಕ್ಕಾಗಿ ಬಾಯಿಲ್ಲದವರ ಬಾಯಿಯನ್ನು ಬಳಸಿಕೊಂಡುದು ನ್ಯಾಯವೇ? ಈ ಪ್ರಶ್ನೆ ಸ್ವೀಡನ್ನನ್ನು ಇಂದಿಗೂ ಕಾಡುತ್ತಿದೆ. ಎಲಿನ್ ಬೊಮೆನೆಲ್ ಎಂಬಾಕೆ ೨೦೦೬ರಲ್ಲಿ ಈ ಪ್ರಯೋಗವನ್ನೇ ಕುರಿತು ವಿದ್ವತ್ ಪ್ರಬಂಧವನ್ನು ಬರೆದಿದ್ದಾಳೆ.

ವಿಧಿಯ ವಿಲಾಸವನ್ನು ನೋಡಿ! ಟಾಫಿ ಹಂಚಲು ಪ್ರಾರಂಭಿಸಿದ ಅದೇ ೧೯೪೭ರಲ್ಲಿ, ಜರ್ಮನಿಯ ನ್ಯೂರೆಂಬರ್ಗಿನಲ್ಲಿ ನಾಟ್ಸಿ ವೈದ್ಯರ ವಿಚಾರಣೆ ಮುಗಿದು, ಮನುಷ್ಯನ ಸ್ವಂತ ಒಪ್ಪಿಗೆಯಿಲ್ಲದೆ ಅವನ ಮೇಲೆ ಪ್ರಯೋಗ ಸಲ್ಲದೆಂಬ ಸೂತ್ರ ಜಗತ್ತಿನ ಮುಂದೆ ಬಂದಿತ್ತು. ೧೯೬೪ರಲ್ಲಿ ವಿಶ್ವ ವೈದ್ಯಕೀಯ ಸಂಘ ಇದೇ ತತ್ತ್ವವನ್ನು ವಿಸ್ತರಿಸಿ ಒಂದು ಘೋಷಣೆಯನ್ನು ಹೊರಡಿಸಿತು. ಆ ಸಭೆ ಸೇರಿದುದು ಸ್ವೀಡನ್ನಿನ ನೆರೆಯ ದೇಶವಾದ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ. ನಮ್ಮ ಕಥೆಯ ಮುಂದಿನ ಭಾಗ ನಡೆದುದೂ ಆ ದೇಶದಲ್ಲಿಯೇ.

ಹಲ್ಲು ಕೆಡಿಸದ ಸಿಹಿ

ಕ್ಸೈಲಿಟಾಲ್ ಎಂಬ ಸಿಹಿ ಪದಾರ್ಥ ರಸಾಯನಶಾಸ್ತ್ರಜ್ಞರಿಗೆ ೧೮೯೧ರಿಂದಲೇ ಗೊತ್ತಿತ್ತು. ಜರ್ಮನಿಯ ಎಮಿಲ್ ಫಿಶರ್ ಅದನ್ನು ತಯಾರಿಸಿದ್ದನು. ಬರ್ಚ್ ಮರದ ಹೊಟ್ಟಿನಿಂದಲೂ ಜೋಳದ ದಿಂಡಿನಿಂದಲೂ ಅದನ್ನು ತೆಗೆಯಬಹುದು. ರುಚಿ ಸಕ್ಕರೆಯಷ್ಟೇ ಸಿಹಿ. ನಾಲಗೆಯ ಮೇಲಿಟ್ಟರೆ ತಣ್ಣಗೆನ್ನಿಸುತ್ತದೆ. ಅದರ ವಿಶೇಷವೆಂದರೆ, ಬಾಯಿಯ ಸೂಕ್ಷ್ಮಜೀವಿಗಳು ಅದನ್ನು ಹುಳಿಯಿಸಲಾರವು. ಹುಳುಕಿಗೆ ಮುಖ್ಯ ಕಾರಣವಾದ ಜೀವಿ ಅದನ್ನು ಸಕ್ಕರೆಯೆಂದೇ ತಿಳಿದು ಒಳಗೆ ಎಳೆದುಕೊಳ್ಳುತ್ತದೆ. ಆದರೆ ಅದರಿಂದ ಶಕ್ತಿಯೂ ದೊರೆಯದು, ಆಮ್ಲವೂ ಹುಟ್ಟದು.

ಫಿನ್ಲೆಂಡಿನ ಟುರ್ಕು ನಗರದ ವಿಶ್ವವಿದ್ಯಾನಿಲಯದಲ್ಲಿ ಆರ್ಯೆ ಶೈನಿನ್ ಮತ್ತು ಕೌಕೊ ಮಾಕಿನೆನ್ ಎಂಬ ವಿದ್ವಾಂಸರು ೧೯೭೨ರಲ್ಲಿ ಎರಡು ವರ್ಷಗಳ ಪ್ರಯೋಗವನ್ನು ಪ್ರಾರಂಭಿಸಿದರು. ಸುಮಾರು ೧೨೫ ಜನರಲ್ಲಿ ಒಂದು ಗುಂಪಿಗೆ ಎಂದಿನ ಸಕ್ಕರೆ, ಇನ್ನೊಂದಕ್ಕೆ ಹಣ್ಣಿನ ಸಕ್ಕರೆ, ಮೂರನೆಯದಕ್ಕೆ ಕ್ಸೈಲಿಟಾಲ್. ಇವರು ತಿಳಿದು ಒಪ್ಪಿ ಬಂದವರು, ಬೇಡವೆನ್ನಲು ಬಾಯಿದ್ದವರು. ಕ್ಸೈಲಿಟಾಲ್ ತಿಂದವರಿಗೆ ಸಕ್ಕರೆ ತಿಂದವರಿಗಿಂತ ಶೇಕಡಾ ೮೫ರಷ್ಟು ಕಡಿಮೆ ಹುಳುಕು ಬಂದಿತೆಂದು ವರದಿಯಾಯಿತು. ಅದೇ ತಂಡ ಒಂದು ವರ್ಷದ ಮತ್ತೊಂದು ಪ್ರಯೋಗದಲ್ಲಿ ಚ್ಯೂಯಿಂಗ್ ಗಮ್ಮನ್ನೇ ಪರೀಕ್ಷಿಸಿತು. ಅಲ್ಲಿಯೂ ಸಕ್ಕರೆಯ ಗಮ್ ಜಗಿದವರಿಗಿಂತ ಕ್ಸೈಲಿಟಾಲ್ ಗಮ್ ಜಗಿದವರ ಹಲ್ಲುಗಳು ಸುಸ್ಥಿತಿಯಲ್ಲಿದ್ದುವು. ೧೯೭೫ರಲ್ಲಿ ಇಂಥ ಗಮ್ ಫಿನ್ಲೆಂಡಿನ ಅಂಗಡಿಗಳಿಗೆ ಬಂದಿತು.

ಗಮ್ಮಿಗೂ ದಂತವೈದ್ಯಕ್ಕೂ ಇದಕ್ಕಿಂತ ಹಳೆಯ ನಂಟೊಂದಿದೆ. ೧೮೬೯ರಲ್ಲಿ ಅಮೆರಿಕದಲ್ಲಿ ಚ್ಯೂಯಿಂಗ್ ಗಮ್ಮಿಗೆ ಪೇಟೆಂಟ್ ಪಡೆದ ವಿಲಿಯಂ ಸೆಂಪಲ್ ಓಹಾಯೋ ಪ್ರಾಂತದ ಒಬ್ಬ ದಂತವೈದ್ಯ! ಹಲ್ಲು ಶುಚಿಯಾಗಲೆಂದು ಸೀಮೆಸುಣ್ಣ, ಇದ್ದಿಲು ಮುಂತಾದುವನ್ನು ಅದರಲ್ಲಿ ಬೆರೆಸಬಹುದೆಂದು ಅವನು ಸೂಚಿಸಿದ್ದನು. ಆಮೇಲೆ ಬಂದ ವ್ಯಾಪಾರಿಗಳು ಇದ್ದಿಲನ್ನು ಬಿಟ್ಟು ಸಕ್ಕರೆಯನ್ನು ಬೆರೆಸಿ ಜಗತ್ತಿಗೆಲ್ಲ ಮಾರಿದರು. ೧೯೯೨ರಲ್ಲಿ ಗಮ್ಮಿನ ಆಮದನ್ನೇ ನಿಷೇಧಿಸಿದ ಸಿಂಗಪುರ ಕೂಡ, ೨೦೦೪ರಲ್ಲಿ ಹಲ್ಲಿಗೆ ಹಿತವಾದ ಗಮ್ಮನ್ನು ದಂತವೈದ್ಯರೂ ಔಷಧ ವ್ಯಾಪಾರಿಗಳೂ ಕೊಡಬಹುದೆಂದು ನಿಯಮವನ್ನು ಸಡಿಲಿಸಿತು.

ಗಮ್ ಮಾಡುವುದೆಷ್ಟು, ಮಾಡದಿರುವುದೆಷ್ಟು?

ಹಾಗಾದರೆ ಬ್ರಷ್ಷನ್ನು ಬಿಸುಟು ಗಮ್ ಜಗಿಯೋಣವೇ? ಅವಸರ ಬೇಡ. ಗಮ್ಮಿನ ನಿಜವಾದ ಉಪಕಾರ ಬಹುಮಟ್ಟಿಗೆ ಜಗಿತದಿಂದ ಬರುವುದು. ಜಗಿಯುವಾಗ ಜೊಲ್ಲು ಸುಮ್ಮನಿರುವಾಗಿಗಿಂತ ಹಲವು ಪಟ್ಟು ಹೆಚ್ಚು ಒಸರಿ, ಊಟದ ನಂತರದ ಆಮ್ಲವನ್ನು ಬೇಗನೆ ಇಳಿಸುತ್ತದೆ. ಊಟವಾದ ಮೇಲೆ ಸುಮಾರು ೨೦ ನಿಮಿಷ ಸಕ್ಕರೆಯಿಲ್ಲದ ಗಮ್ ಜಗಿಯುವುದು ಒಳ್ಳೆಯದೆಂದು ಅಮೆರಿಕದ ದಂತವೈದ್ಯ ಸಂಘ ಹೇಳುವುದು ಇದಕ್ಕಾಗಿಯೇ. ಕ್ಸೈಲಿಟಾಲಿನ ಸ್ವಂತ ಮಹಿಮೆ ಎಷ್ಟೆಂಬ ಬಗ್ಗೆ ಮೊದಲಿನ ಉತ್ಸಾಹ ಈಗ ತಗ್ಗಿದೆ. ೨೦೧೫ರಲ್ಲಿ ಕಾಕ್ರೇನ್ ಸಂಸ್ಥೆ ಅದುವರೆಗಿನ ಪ್ರಯೋಗಗಳನ್ನೆಲ್ಲ ತೂಗಿ ನೋಡಿತು. ಫ್ಲೋರೈಡ್ ಇರುವ ಟೂತ್‌ಪೇಸ್ಟಿಗೆ ಕ್ಸೈಲಿಟಾಲನ್ನು ಬೆರೆಸಿದರೆ ಮಕ್ಕಳ ಹುಳುಕು ಶೇಕಡಾ ೧೩ರಷ್ಟು ತಗ್ಗಬಹುದು. ಆದರೆ ಅದಕ್ಕೂ ಬಲವಾದ ಪುರಾವೆಯಿಲ್ಲ. ಗಮ್ಮಿನ ವಿಷಯದಲ್ಲಿ ಖಚಿತವಾಗಿ ಹೇಳಲು ಪುರಾವೆ ಸಾಲದು ಎಂದು ಅದು ತೀರ್ಮಾನಿಸಿತು. ಆದುದರಿಂದ ಗಮ್ ಬ್ರಷ್ಷಿನ ತಮ್ಮನಾಗಬಹುದೇ ಹೊರತು ಅದರ ಸ್ಥಾನಕ್ಕೆ ಬರಲಾರದು.

ಕೊಳ್ಳುವವರು ಚೀಟಿಯನ್ನು ಓದಿ ಕೊಳ್ಳಬೇಕು. ಸಕ್ಕರೆಯ ಗಮ್ ಕೊಂಡರೆ ವಿಪೆಹೋಲ್ಮಿನ ಟಾಫಿಯನ್ನು ಮನೆಗೆ ತಂದಂತೆಯೇ ಸರಿ. ಕ್ಸೈಲಿಟಾಲ್ ಅತಿಯಾದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ. ಎಳೆಯ ಮಕ್ಕಳಿಗೆ ಗಮ್ ಗಂಟಲಿಗೆ ಸಿಕ್ಕುವ ಅಪಾಯವಿದೆ. ನಾಯಿ ಸಾಕಿದವರು ಇನ್ನೂ ಎಚ್ಚರದಿಂದಿರಬೇಕು; ನಮಗೆ ಸಿಹಿಯಾದ ಕ್ಸೈಲಿಟಾಲ್ ನಾಯಿಗೆ ವಿಷ.

ಎಲ್ಲಕ್ಕಿಂತ ಮುಖ್ಯವಾದುದೊಂದುಂಟು. ಗಮ್ ಜಗಿಯಬೇಕಾದರೆ ಎಚ್ಚರವಿರಬೇಕು, ದವಡೆಯಲ್ಲಿ ಬಲವಿರಬೇಕು, ನುಂಗುವ ಶಕ್ತಿ ಸರಿಯಾಗಿರಬೇಕು. ಎಂದರೆ, ಬಾಯಿಯ ರಕ್ಷಣೆ ಯಾರಿಗೆ ಅತ್ಯಂತ ಅಗತ್ಯವೋ ಅವರಿಗೇ ಗಮ್ಮಿನ ಉಪಯೋಗವಿಲ್ಲ!

ವಾರ್ಡಿನ ಮಂಚದ ಬಳಿ

ಇಲ್ಲಿಂದ ಮುಂದೆ ಕೆಲಸ ದಾದಿಯದು. ಹಾಸಿಗೆ ಹಿಡಿದ ರೋಗಿಯ ಬಾಯಿಯನ್ನು ಒಮ್ಮೆ ನೋಡಿ. ಜ್ವರದಿಂದಲೂ, ಬಾಯಿ ತೆರೆದು ಉಸಿರಾಡುವುದರಿಂದಲೂ, ಅನೇಕ ಔಷಧಗಳ ಪ್ರಭಾವದಿಂದಲೂ ಜೊಲ್ಲು ಬತ್ತಿರುತ್ತದೆ. ಜಗಿಯುವ ಆಹಾರವಿಲ್ಲ, ಹಲ್ಲುಜ್ಜುವ ಕೈಯಿಲ್ಲ. ಹಲ್ಲಿನ ಮೇಲೆ ಪಾಚಿ ಕಟ್ಟಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಮಲಗಿರುವಾಗ ಆ ಎಂಜಲು ಸ್ವಲ್ಪ ಸ್ವಲ್ಪವಾಗಿ ಶ್ವಾಸನಾಳಕ್ಕೆ ಜಾರಿದರೆ ನ್ಯುಮೋನಿಯ ಬರುತ್ತದೆ. ಕಾಲು ಮುರಿದು ಆಸ್ಪತ್ರೆ ಸೇರಿದ ಮುದುಕರು ಕಾಲಿನಿಂದಲ್ಲ, ಎದೆಯ ರೋಗದಿಂದ ತೀರಿಕೊಂಡರೆಂಬ ಸುದ್ದಿಯನ್ನು ನಾವು ಕೇಳಿಲ್ಲವೆ? ಅಂಥ ಕೆಲವು ಸಾವುಗಳ ದಾರಿ ಬಾಯಿಯಿಂದಲೇ ಹೊರಟಿರಬಹುದು.

ಜಪಾನಿನ ಯೋನೆಯಾಮ ಎಂಬ ದಂತವೈದ್ಯರೂ ಅವರ ಸಂಗಡಿಗರೂ ೧೧ ವೃದ್ಧಾಶ್ರಮಗಳಲ್ಲಿ ಎರಡು ವರ್ಷ ಇದನ್ನು ಪರೀಕ್ಷಿಸಿದರು. ಒಂದು ಗುಂಪಿನ ವೃದ್ಧರಿಗೆ ಪ್ರತಿ ಊಟದ ನಂತರ ದಾದಿಯರೂ ಪರಿಚಾರಕರೂ ಹಲ್ಲುಜ್ಜಿಸಿದರು; ವಾರಕ್ಕೊಮ್ಮೆ ದಂತವೈದ್ಯರ ಶುಶ್ರೂಷೆಯೂ ನಡೆಯಿತು. ಇನ್ನೊಂದು ಗುಂಪಿನವರ ಬಾಯಿಯ ಆರೈಕೆ ಎಂದಿನಂತೆ ಅವರವರಿಗೇ ಬಿಟ್ಟದ್ದು. ೨೦೦೨ರಲ್ಲಿ ಪ್ರಕಟವಾದ ವರದಿಯಂತೆ ಆರೈಕೆಯಿಲ್ಲದವರಲ್ಲಿ ಶೇಕಡಾ ೧೯ ಮಂದಿಗೆ ನ್ಯುಮೋನಿಯ ಬಂದಿತು. ಆರೈಕೆ ಪಡೆದವರಲ್ಲಿ ಶೇಕಡಾ ೧೧ ಮಂದಿಗೆ. ಅಲ್ಲಿ ಬಳಸಿದುದು ದುಬಾರಿ ಯಂತ್ರವಲ್ಲ, ಹೊಸ ಔಷಧವಲ್ಲ. ಒಂದು ಬ್ರಷ್ಷು, ಮತ್ತು ಐದು ನಿಮಿಷದ ತಾಳ್ಮೆ.

ಪಾಠದ ಕೊಠಡಿಯಲ್ಲಿ

ಆಸ್ಪತ್ರೆ ರೋಗಿಗೆ ಕೇಡು ಮಾಡದಿರುವುದೇ ಅದರ ಮೊದಲ ಕರ್ತವ್ಯವೆಂದು ಫ್ಲಾರೆನ್ಸ್ ನೈಟಿಂಗೇಲ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬರೆದಿದ್ದಳು. ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವಳ ಹೆಸರಿನ ಶಾಲೆ ತೆರೆದಂದಿನಿಂದ ದಾದಿಯರ ಶಿಕ್ಷಣ ಒಂದು ಕ್ರಮಕ್ಕೆ ಬಂದಿತು. ಆದರೂ ತಪ್ಪುಗಳು ನಿಲ್ಲಲಿಲ್ಲ. ೧೯೯೯ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥಾನದ ವರದಿಯೊಂದು, ಆ ದೇಶದ ಆಸ್ಪತ್ರೆಗಳಲ್ಲಿ ತಪ್ಪಿಸಬಹುದಾದ ಪ್ರಮಾದಗಳಿಂದ ವರ್ಷಕ್ಕೆ ೪೪,೦೦೦ದಿಂದ ೯೮,೦೦೦ ಜನ ಸಾಯುತ್ತಿರಬಹುದೆಂದು ಅಂದಾಜು ಮಾಡಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಆ ವರದಿಯ ತಿರುಳೆಂದರೆ, ಬಹುಪಾಲು ಪ್ರಮಾದಗಳಿಗೆ ಒಬ್ಬ ಕೆಟ್ಟ ದಾದಿಯೋ ಕೆಟ್ಟ ವೈದ್ಯನೋ ಕಾರಣವಲ್ಲ; ಒಳ್ಳೆಯವರನ್ನೂ ಎಡವಿಸುವ ವ್ಯವಸ್ಥೆಯೇ ಕಾರಣ.

ಅಂದಿನಿಂದ ಶಿಕ್ಷಣದ ರೀತಿ ಬದಲಾಯಿತು. ೨೦೦೫ರಲ್ಲಿ ಅಮೆರಿಕದ ದಾದಿಯರ ಶಿಕ್ಷಕರು ಸುರಕ್ಷತೆಯನ್ನು ಪಠ್ಯಕ್ರಮದ ಆಧಾರಸ್ತಂಭಗಳಲ್ಲಿ ಒಂದನ್ನಾಗಿ ಮಾಡುವ ಯೋಜನೆಯನ್ನು ಕೈಗೊಂಡರು. ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದಾದಿಯರು, ವೈದ್ಯರು, ದಂತವೈದ್ಯರು ಮೊದಲಾದ ಎಲ್ಲ ವಿದ್ಯಾರ್ಥಿಗಳಿಗೂ ಅನ್ವಯಿಸುವ ಸುರಕ್ಷತೆಯ ಪಠ್ಯ ಮಾರ್ಗದರ್ಶಿಯನ್ನು ಹೊರತಂದಿತು. ೨೦೧೯ರಿಂದ ಪ್ರತಿ ವರ್ಷ ಸೆಪ್ಟೆಂಬರ್ ೧೭ನ್ನು ರೋಗಿಯ ಸುರಕ್ಷತಾ ದಿನವೆಂದು ಆಚರಿಸಲಾಗುತ್ತಿದೆ. ಈ ಹೊಸ ಕ್ರಮದಲ್ಲಿ ವಿದ್ಯಾರ್ಥಿನಿ ಮೊದಲು ಗೊಂಬೆಯ ಮೇಲೆ ಕೈ ಪಳಗಿಸುತ್ತಾಳೆ. ಅಲ್ಲಿ ತಪ್ಪಿದರೆ ಯಾರಿಗೂ ನೋವಿಲ್ಲ. ಕೂದಲೆಳೆಯಲ್ಲಿ ತಪ್ಪಿದ ಅನಾಹುತವನ್ನು ಮುಚ್ಚಿಡದೆ ವರದಿ ಮಾಡಲು ಕಲಿಯುತ್ತಾಳೆ. ಹಿರಿಯರ ಅಪ್ಪಣೆಯಲ್ಲಿ ಅಪಾಯ ಕಂಡರೆ ವಿನಯದಿಂದ, ಆದರೆ ಸ್ಪಷ್ಟವಾಗಿ, ತಡೆದು ಕೇಳಲು ಕಲಿಯುತ್ತಾಳೆ.

ಈ ಕೊನೆಯ ಪಾಠ ಎಲ್ಲಕ್ಕಿಂತ ಕಷ್ಟದ್ದು. ನಮ್ಮಲ್ಲಿ ಹಿರಿಯರಿಗೆ ಎದುರಾಡಬಾರದೆಂಬುದು ಬಾಲ್ಯದಿಂದ ಕಲಿತ ನಡತೆ. ಬೆಂಗಳೂರು, ಮಂಗಳೂರುಗಳ ನರ್ಸಿಂಗ್ ಕಾಲೇಜುಗಳಿಗೆ ದೂರದೂರಿನಿಂದ ಬರುವ ಹದಿನೆಂಟರ ಹುಡುಗಿ ಹಿರಿಯ ವೈದ್ಯರ ಮುಂದೆ ನಿಂತು ‘ಸ್ವಲ್ಪ ತಾಳಿ, ಸಾರ್’ ಎನ್ನುವುದು ಸುಲಭವೇ? ಆದರೆ ಮಂಚದ ಮೇಲಿರುವವನಿಗೆ ಬಾಯಿಲ್ಲದಿರುವಾಗ ಅವನ ಪರವಾಗಿ ಬಾಯಿ ತೆರೆಯಬೇಕಾದವಳು ಅವಳೇ. ರೋಗಿಯನ್ನು ತಲಪುವ ಔಷಧವಿರಲಿ, ಆಹಾರವಿರಲಿ, ಕೊನೆಗೆ ಹಾದುಬರುವುದು ಆ ಕೈಯಿಂದಲೇ ಅಲ್ಲವೆ?

ರೋಗಿಯ ಬಾಯಿ ತೊಳೆಯುವುದು ದಾದಿ ಕಲಿಯುವ ಆರಂಭದ ವಿದ್ಯೆಗಳಲ್ಲಿ ಒಂದು. ಬಹುಕಾಲ ಅದನ್ನು ಹಾಸಿಗೆ ಹಾಸುವುದರ ಜೊತೆಗೆ ಶುಚಿತ್ವದ ಕೆಲಸವೆಂದು ಎಣಿಸುತ್ತಿದ್ದರು. ಕೆಲಸದ ಒತ್ತಡವಿದ್ದ ದಿನ ಮೊದಲು ಬಿಟ್ಟುಹೋಗುವುದೂ ಅದೇ. ಚುಚ್ಚುಮದ್ದು ತಪ್ಪಿದರೆ ಲೆಕ್ಕ ಕೇಳುವವರುಂಟು. ಹಲ್ಲುಜ್ಜುವುದು ತಪ್ಪಿದರೆ ಯಾರು ಕೇಳುತ್ತಾರೆ? ಜಪಾನಿನ ಅಂಕಿಗಳನ್ನು ಕಂಡ ಮೇಲೆ ಇದು ಶುಚಿತ್ವದ ಮಾತು ಮಾತ್ರವಲ್ಲ, ಸುರಕ್ಷತೆಯ ಮಾತು. ಚುಚ್ಚುಮದ್ದಿನಂತೆ ಇದನ್ನೂ ಗುರುತು ಹಾಕಿ ಲೆಕ್ಕವಿಡುವುದನ್ನು ಪಾಠದ ಕೊಠಡಿಯಲ್ಲಿಯೇ ಕಲಿಸಬೇಕು.

ನಮ್ಮ ಮನೆಗಳಲ್ಲಿ

ಆಸ್ಪತ್ರೆಯ ಮಾತು ನಮಗೇಕೆಂದು ಗೃಹಿಣಿಯರು ಪುಟ ತಿರುವಬಾರದು. ಹಾಸಿಗೆ ಹಿಡಿದ ಅತ್ತೆ ಮಾವಂದಿರಿಗೆ, ತಾಯಿ ತಂದೆಯರಿಗೆ ಮನೆಯವರೇ ದಾದಿಯರು. ದಾದಿಗೆ ಕಲಿಸುವ ನಿಯಮಗಳೇ ಇಲ್ಲಿಯೂ ಸಲ್ಲುತ್ತವೆ. ರೋಗಿಯನ್ನು ದಿಂಬುಗಳ ಆಸರೆಯಿಂದ ಎತ್ತಿ ಕೂರಿಸಿ. ಕೂರಲಾರದಿದ್ದರೆ ಒಂದು ಮಗ್ಗುಲಿಗೆ ತಿರುಗಿಸಿ. ಅಂಗಾತ ಮಲಗಿದವರ ಬಾಯಿಗೆ ನೀರು ಹೊಯ್ಯಬಾರದು. ಕಟ್ಟಿಸಿದ ಹಲ್ಲಿದ್ದರೆ ಮೊದಲು ತೆಗೆದು ಬೇರೆ ತೊಳೆಯಬೇಕು. ಮೃದುವಾದ ಬ್ರಷ್ಷು, ಕಡಲೆಕಾಳಿನಷ್ಟು ಪೇಸ್ಟು ಸಾಕು. ಹಲ್ಲುಗಳ ನಡುವೆ ಬೆರಳಿಡಬಾರದು. ತುಟಿ ಒಣಗಿದ್ದರೆ ಒದ್ದೆ ಬಟ್ಟೆಯಿಂದ ಒತ್ತಿ. ನೀರು ಕುಡಿದಾಗಲೆಲ್ಲ ಕೆಮ್ಮು ಬರುತ್ತಿದ್ದರೆ, ನುಂಗಲು ತಡವರಿಸುತ್ತಿದ್ದರೆ, ವೈದ್ಯರಿಗೆ ತಿಳಿಸದೆ ಏನನ್ನೂ ಬಾಯಿಗೆ ಹಾಕಬೇಡಿ. ಗಮ್ಮಿನ ಮಾತಂತೂ ದೂರ.

ಮಕ್ಕಳ ವಿಷಯದಲ್ಲಿ ವಿಪೆಹೋಲ್ಮಿನ ಪಾಠ ಸರಳವಾಗಿದೆ. ಹಬ್ಬದ ಹೋಳಿಗೆಯನ್ನು ಎಲೆಯ ಮುಂದೆ ಕುಳಿತು ತೃಪ್ತಿಯಾಗಿ ಉಣ್ಣಲಿ. ಅದರಿಂದ ಹಲ್ಲಿಗೆ ಅಂಥ ಕೇಡಿಲ್ಲ. ಆದರೆ ಬೆಳಗಿನಿಂದ ಸಂಜೆಯವರೆಗೆ ಜೇಬಿನಿಂದ ತೆಗೆದು ಚೀಪುವ ಮಿಠಾಯಿ, ಹಲ್ಲಿಗಂಟುವ ಬೆಲ್ಲದ ಪಾಕದ ಚಿಕ್ಕಿ, ಇವುಗಳಿಗೆ ಹೊತ್ತುಗೊತ್ತು ಇರಲಿ. ದೊಡ್ಡವರೂ ಗಂಟೆಗೊಂದು ಲೋಟ ಸಕ್ಕರೆ ಕಾಫಿಯನ್ನು ಗುಟುಕರಿಸುತ್ತ ಮಕ್ಕಳಿಗೆ ಬುದ್ಧಿ ಹೇಳಿದರೆ ನಡೆಯದು.

ಸ್ವೀಡನ್ನಿನ ಆ ರೋಗಿಗಳ ಹೆಸರನ್ನು ಜಗತ್ತು ನೆನಪಿಟ್ಟುಕೊಂಡಿಲ್ಲ. ಆದರೆ ನಮ್ಮ ಮಕ್ಕಳಿಗೆ ದಂತವೈದ್ಯರು ಹೇಳುವ ಹಿತವಚನದಲ್ಲಿ ಅವರು ಉಂಡ ನೋವು ಸೇರಿದೆ. ಅದು ಅವರು ಬಯಸಿ ಕೊಟ್ಟ ದಾನವಲ್ಲ. ಆದುದರಿಂದ ನಮಗೆ ಋಣ. ಆ ಋಣವನ್ನು ಅವರಿಗೆ ತೀರಿಸುವ ಬಗೆಯಿಲ್ಲ. ಇಂದು ರಾತ್ರಿ ವಾರ್ಡಿನಲ್ಲಿಯೋ ಮನೆಯ ಒಳಕೋಣೆಯಲ್ಲಿಯೋ ಮಾತಿಲ್ಲದೆ ಮಲಗಿರುವ ಒಬ್ಬರಿಗೆ, ಊಟವಾದ ಮೇಲೆ ಐದು ನಿಮಿಷ ಕುಳಿತು ಬಾಯಿ ಶುಚಿ ಮಾಡಿದರೆ ಅದರಲ್ಲಿ ಒಂದಿಷ್ಟನ್ನಾದರೂ ಸಲ್ಲಿಸಿದಂತಾದೀತು.